ಮಾಚವ್ವ ಹುಲಿಗೆ ಹಾಕಿದ ಗುರುತು

ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ ಅದು. ಹೊಳೆಗಳು ಆಗಷ್ಟೇ ದಾರಿ ಹುಡುಕಿಕೊಳ್ಳುತ್ತಿದ್ದವು. ಆಗ ಹುಲಿಗೆ ಪಟ್ಟೆ ಇರಲಿಲ್ಲ. ಮೂಗಿನಿಂದ ಬಾಲದ ತುದಿಯವರೆಗೂ ಬರೀ ಅರಿಶಿನದ ಬಣ್ಣ. ಒಂದರ ಪಕ್ಕ ಒಂದು ನಿಂತರೆ ಯಾವುದು ಯಾವುದೆಂದು ಹೆತ್ತ ತಾಯಿಗೂ ತಿಳಿಯುತ್ತಿರಲಿಲ್ಲ.

ಕಾಡಂಚಿನ ಹೊಳೆಯಲ್ಲಿ ಮಾಚವ್ವ ಮೂವತ್ತು ಮನೆಯ ಬಟ್ಟೆ ಒಗೆಯುತ್ತಿದ್ದಳು. ಅಕ್ಷರ ಇನ್ನೂ ಹುಟ್ಟಿರಲಿಲ್ಲ. ಬಟ್ಟೆ ಅದಲುಬದಲಾಗದಂತೆ ಅವಳೇ ಒಂದು ದಾರಿ ಕಂಡುಕೊಂಡಿದ್ದಳು. ಗುಡ್ಡದ ಗೇರುಕಾಯಿಯ ಮೈ ಸುಡುವ ರಸಕ್ಕೆ ಸುಣ್ಣ ಬೆರೆಸಿ, ಬಟ್ಟೆಯ ಮೂಲೆಯಲ್ಲಿ ಮನೆಗೊಂದು ಕಪ್ಪು ಗುರುತು ಹಾಕುತ್ತಿದ್ದಳು. ಒಬ್ಬರಿಗೆ ಎರಡು ಗೆರೆ, ಇನ್ನೊಬ್ಬರಿಗೆ ಒಂದು ಗೆರೆ, ಒಂದು ಕೊಂಡಿ. ಎಷ್ಟು ಕುಕ್ಕಿ ಒಗೆದರೂ ಆ ಕಪ್ಪು ಹೋಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಸುರಿ ಹುಲಿಯೊಂದು ದಡಕ್ಕೆ ಬಂದು ಕೂತಿತು.

"ಅವ್ವಾ, ಪ್ರಾಣಿಗಳ ಸಭೆಯವರು ನಮ್ಮನ್ನು ಕಾಡಿನಿಂದ ಓಡಿಸುತ್ತಾರಂತೆ. ನೀರಿಲ್ಲದ ಬೋಳುಬಂಡೆಗೆ. ಅಲ್ಲಿ ನಾನು ಹೇಗೆ ಹೆರಲಿ?"

"ಯಾಕಂತೆ?"

"ಅರವತ್ತು ಹುಲಿ ಆಗಿವೆಯಂತೆ. ನಾವಿರುವುದೇ ಐದು."

ಮಾಚವ್ವ ಒದ್ದೆ ಸೆರಗು ಸಿಕ್ಕಿಸಿಕೊಂಡು ನೇರ ಪ್ರಾಣಿಗಳ ಸಭೆಗೆ ನಡೆದಳು.

"ಆನೆ ಯಜಮಾನರೇ, ಅರವತ್ತು ಅಂತ ಎಣಿಸಿದವರು ಯಾರು?"

"ನಾವೆಲ್ಲರೂ," ಅಂದಿತು ಜಿಂಕೆ. "ನೀರಿನ ಹತ್ತಿರ ನಾನೊಂದು ಕಂಡೆ. ಬಿದಿರುಮೆಳೆಯಲ್ಲಿ ಹಂದಿಯಣ್ಣ ಒಂದು ಕಂಡ. ಕೂಡಿಸುತ್ತಾ ಬಂದೆವು."

"ಕಂಡದ್ದನ್ನೇ ಮತ್ತೆ ಕಂಡಿರಬಹುದಲ್ಲ?"

ಕಾಡುಹಂದಿ ಮುಸಿ ಮುಸಿ ನಕ್ಕಿತು. "ಬಟ್ಟೆ ಒಗೆಯುವವಳಿಗೆ ಎಣಿಕೆ ಯಾರು ಕಲಿಸಿದರಮ್ಮ?"

"ಯಾರೂ ಕಲಿಸಲಿಲ್ಲ. ಕಲಿತೆ. ಮೂವತ್ತು ಮನೆಯ ಒಂದು ಚಿಂದಿ ಕೂಡ ಇದುವರೆಗೆ ಮನೆ ತಪ್ಪಿಲ್ಲ. ಹದಿನೈದು ದಿನ ಕೊಡಿ, ತೋರಿಸುತ್ತೇನೆ."

ಆನೆ ಕಿವಿ ಬೀಸಿ ಯೋಚಿಸಿತು. "ಹದಿನೈದೇ ದಿನ," ಅಂದಿತು.

ಮಾಚವ್ವ ಮಡಕೆ ತುಂಬ ಗೇರುರಸ ತೆಗೆದಳು. ಐದು ಹುಲಿಗಳನ್ನೂ ಸಾಲಾಗಿ ಕೂರಿಸಿ ಬೆರಳಿನಿಂದಲೇ ಗೆರೆ ಎಳೆದಳು. ಒಂದಕ್ಕೆ ಹಾಕಿದ ಗೆರೆ ಇನ್ನೊಂದಕ್ಕೆ ಹಾಕಲಿಲ್ಲ.

"ಉರಿಯುತ್ತೆ ಕಣವ್ವಾ," ಎಂದು ದೊಡ್ಡ ಗಂಡು ಹುಲಿ ನರಳಿತು.

"ನನ್ನ ಕೈ ನೋಡು, ಹತ್ತೂ ಬೆರಳಿಗೆ ಬೊಬ್ಬೆ. ನಾನು ಅತ್ತೆನಾ? ಅಲುಗಾಡಬೇಡ, ಗೆರೆ ಸೊಟ್ಟಾಗುತ್ತೆ."

ಆಮೇಲೆ ಸಾರಿ ಹೇಳಿದಳು: ಹುಲಿ ಕಂಡವರು ಬಂದು, ಅದರ ಪಕ್ಕೆಯ ಗೆರೆ ಹೇಗಿತ್ತೋ ಹಾಗೆ ಹೊಳೆಯ ಮರಳಿನ ಮೇಲೆ ಬರೆಯಬೇಕು. ಜಿಂಕೆ ಗೊರಸಿನಲ್ಲಿ ಬರೆಯಿತು. ನವಿಲು ಕೊಕ್ಕಿನಲ್ಲಿ ಬರೆಯಿತು. ಹಂದಿ ಮೂತಿಯಲ್ಲಿ ಬರೆಯಿತು. ಗಾಳಿ ಅಷ್ಟು ದಿನವೂ ಮರಳನ್ನು ಮುಟ್ಟಲಿಲ್ಲ.

ಹದಿನಾರನೆಯ ಬೆಳಿಗ್ಗೆ ಮರಳಿನಲ್ಲಿ ಎಪ್ಪತ್ತು ಚಿತ್ರಗಳಿದ್ದವು. ಮಾಚವ್ವ ಬೊಬ್ಬೆಯ ಬೆರಳು ತೋರಿಸುತ್ತಾ ನಡೆದಳು. ಇದೂ ಅದೂ ಒಂದೇ. ಅದೂ ಇದೂ ಒಂದೇ. ಕೊನೆಗೆ ಉಳಿದದ್ದು ಐದು ಬಗೆಯ ಗೆರೆ.

ಹಂದಿ ತಾನು ಬರೆದದ್ದನ್ನೇ ಬಗ್ಗಿ ನೋಡಿತು. "ಒಂದೇ ಹುಲಿಗೆ ಹೆದರಿ ಒಂಬತ್ತು ಸಲ ಓಡಿದೆನಾ ನಾನು?"

ಸಭೆಯೆಲ್ಲ ನಕ್ಕಿತು. ಜಿಂಕೆ ಮಾತ್ರ ನಗಲಿಲ್ಲ. "ಐದಾದರೂ ಹಲ್ಲು ಹಲ್ಲೇ," ಅಂದಿತು.

"ನಿಜ," ಅಂದಿತು ಆನೆ. "ನೀನು ಎಚ್ಚರವಾಗಿರು. ಆದರೆ ಇಷ್ಟು ದೊಡ್ಡ ಕಾಡಿಗೆ ಐದು ಹೆಚ್ಚಲ್ಲ. ಅವು ಎಲ್ಲಿಗೂ ಹೋಗುವುದು ಬೇಡ." ಹಾಗೆಂದು ಸೊಂಡಿಲೆತ್ತಿ ಮಾಚವ್ವನಿಗೆ ನಮಸ್ಕರಿಸಿತು.

ಬಸುರಿ ಹುಲಿ ಅದೇ ಬಿದಿರುಮೆಳೆಯಲ್ಲಿ ಮೂರು ಮರಿ ಹಾಕಿತು. ಮೂರಕ್ಕೂ ಹುಟ್ಟುತ್ತಲೇ ಗೆರೆಗಳಿದ್ದವು, ಮೂರಕ್ಕೂ ಬೇರೆ ಬೇರೆ.

ಅಂದಿನಿಂದ ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇಲ್ಲ. ಅದಕ್ಕೇ ಮಗು, ಈಗಲೂ ಹುಲಿ ಎಣಿಸುವವರು ಮರಕ್ಕೆ ಕ್ಯಾಮೆರಾ ಕಟ್ಟಿ ತೆಗೆದ ಚಿತ್ರಗಳನ್ನು ಮುಂದೆ ಹರಡಿಕೊಂಡು, ಮೊದಲು ಪಕ್ಕೆಯ ಗೆರೆ ನೋಡುತ್ತಾರೆ.