ಬಿಚ್ಚದ ಹಿಡಿ

ಹೊಳೆಯ ದಂಡೆಯ ಆ ಆಶ್ರಮದಲ್ಲಿ ಪ್ರವಚನ ಕಡಿಮೆ, ಬಿದಿರು ಹೆಚ್ಚು.

ಬೆಳಗಾದರೆ ಏಳು ಜನ ಏಳು ಕತ್ತಿ ಹಿಡಿದು ಚಪ್ಪರದ ಕೆಳಗೆ ಕೂರುತ್ತಿದ್ದರು. ಬಿದಿರು ಸೀಳಿ, ಎಳೆ ತೆಗೆದು, ಬುಟ್ಟಿ ಮೊರ ಹೆಣೆದು ಅದರಿಂದಲೇ ಊಟ. ಗುರುಗಳಾದ ನಿರುಪಾದಿ ಅಜ್ಜನವರೂ ಅವರ ಸಾಲಿನಲ್ಲೇ ಕೂತು ಹೆಣೆಯುತ್ತಿದ್ದರು.

ಆ ಕತ್ತಿಗಳ ಅಲಗು ಮಡಚುವಂಥದ್ದಲ್ಲ. ಅಲಗಿನ ಹಿಂಭಾಗ ಬಾಲದಂತೆ ಸಣ್ಣಗಾಗಿ ಮರದ ಹಿಡಿಯೊಳಗೆ ಇಳಿದಿರುತ್ತಿತ್ತು. ಅದು ಜಾರದಂತೆ ಅಡ್ಡಲಾಗಿ ಒಂದು ಬಿದಿರಿನ ಬೆಣೆ. ಬೆಣೆ ತೆಗೆದು, ಹಿಡಿಯ ಕೊರಳಿಗೆ ಮರದ ಸುತ್ತಿಗೆಯಂಥ ಕೊಡತಿಯಿಂದ ನಾಲ್ಕು ಏಟು ಹಾಕಿದರೆ ಹಿಡಿ ಬೇರೆ, ಅಲಗು ಬೇರೆ.

ಪ್ರತಿ ಅಮಾವಾಸ್ಯೆಗೆ ಹೆಣಿಗೆ ನಿಲ್ಲಿಸಿ ಎಲ್ಲ ಕತ್ತಿಗಳ ಹಿಡಿ ಬಿಚ್ಚುತ್ತಿದ್ದರು. ಹಸಿ ಬಿದಿರಿನ ನೀರು ಹಿಡಿಯೊಳಗೆ ಇಳಿದು ನಿಲ್ಲುತ್ತದೆ. ಬಾಲಕ್ಕೆ ತುಕ್ಕು ಹಿಡಿದರೆ ಹೊರಗೆ ಕಾಣುವುದಿಲ್ಲ. ಅದನ್ನು ಬೂದಿಯಿಂದ ಉಜ್ಜಿ, ಹರಳೆಣ್ಣೆ ಸವರಿ, ಹಿಡಿಯ ತೂತನ್ನು ಬಿಸಿಲಿಗೆ ಒಣಗಿಸಿ, ಹೊಸ ಬೆಣೆ ಹೊಡೆಯಬೇಕು.

ಒಂದು ಕಟ್ಟಳೆ ಇತ್ತು. ತನ್ನ ಕತ್ತಿಯನ್ನು ತಾನು ಬಿಚ್ಚುವಂತಿಲ್ಲ. ಇನ್ನೊಬ್ಬರದನ್ನು ಬಿಚ್ಚಬೇಕು.

ಚಂದ್ರಾಮ ಹೊಸದಾಗಿ ಬಂದಾಗ ಇದು ಯಾಕೆಂದು ಕೇಳಿದ.

"ಮಂದಿ ಕೈ ಉಳಸೋದು ಕಲೀಲಿ ಅಂತ," ಎಂದರು ಅಜ್ಜ. ಹಾಗೆಂದು ತಮ್ಮ ಕತ್ತಿಯನ್ನೇ ಅವನ ಮುಂದಿಟ್ಟರು. ಇನ್ನು ಮೇಲೆ ಇದು ನಿನ್ನ ಪಾಲಿನ ಕೆಲಸ ಎಂದರು.

ಉಳಿದ ಐವರು ಮುಖ ಮುಖ ನೋಡಿಕೊಂಡರು. ಬಂದು ಹದಿನೈದು ದಿನವಾಗದವನಿಗೆ ಗುರುವಿನ ಕತ್ತಿ.

ಆ ಕತ್ತಿಯ ಹಿಡಿ ಅಜ್ಜನ ಗುರುಗಳದು. ಹುಣಸೆ ಮರದ್ದು. ಎರಡು ತಲೆಮಾರಿನ ಬೆವರು ಕುಡಿದು ಕಪ್ಪಗೆ ಹೊಳೆಯುತ್ತಿತ್ತು. ಹೆಬ್ಬೆರಳು ಕೂರುವಲ್ಲಿ ಸಣ್ಣದೊಂದು ತಗ್ಗು ಬಿದ್ದಿತ್ತು.

ಮೊದಲ ಅಮಾವಾಸ್ಯೆಗೆ ಚಂದ್ರಾಮ ಕೊಡತಿ ಎತ್ತಿದ. ಕೈ ಇಳಿಯಲಿಲ್ಲ. ಆ ತಗ್ಗನ್ನು ನೋಡಿದ. ಇಂಥ ಹಿಡಿಗೆ ಕೊಡತಿಯಿಂದ ಬಡಿಯುವುದೆ? ಸೀಳು ಬಿಟ್ಟರೆ? ಬಡಿದು ಸೀಳಿದವನು ತಾನೇ ಆಗುವುದಿಲ್ಲವೆ?

ಕೊಡತಿ ಕೆಳಗಿಟ್ಟ.

ಬದಲಿಗೆ ಅಲಗನ್ನು ಚಪ್ಪರದ ಹಿಂದಿನ ಸಾಣೆಕಲ್ಲಿಗೆ ಹಿಡಿದು ಮಧ್ಯಾಹ್ನದವರೆಗೆ ಮಸೆದ. ಮುಂಗೈ ಕೂದಲು ಬೋಳಿಸುವಷ್ಟು ಹದ ಬಂತು. ಬೆಣೆಯ ಎರಡೂ ತುದಿಗೆ ಎಣ್ಣೆ ಸವರಿದ. ಹೊಸದೆಂಬಂತೆ ಕಂಡಿತು. ಹಿಡಿಗೆ ಮೂರು ಬೆರಳು ವಿಭೂತಿ ಎಳೆದು, ಕಣ್ಣಿಗೊತ್ತಿಕೊಂಡು ಅಜ್ಜನ ಕೈಗೆ ಕೊಟ್ಟ.

ಅಜ್ಜ ಕತ್ತಿಯನ್ನು ತಿರುಗಿಸಿ ನೋಡಿದರು. ಅವನನ್ನೂ ನೋಡಿದರು. ಅಲಗು ಚಲೋ ಬಂದಿದೆ ಎಂದರು.

ಆ ಮಾತನ್ನು ಚಂದ್ರಾಮ ತಿಂಗಳಿಡೀ ಮೆಲುಕು ಹಾಕಿದ.

ಎರಡನೆಯ ಅಮಾವಾಸ್ಯೆಗೆ ಅಷ್ಟು ಅಳುಕಲಿಲ್ಲ. ಮೂರನೆಯದಕ್ಕೆ ಕೊಡತಿಯನ್ನು ಹತ್ತಿರ ಇಟ್ಟುಕೊಳ್ಳಲೂ ಇಲ್ಲ. ಹೀಗೆ ಮೂರು ವರ್ಷ ಕಳೆಯಿತು.

ಅವನ ಪಕ್ಕದಲ್ಲಿ ಕೂರುತ್ತಿದ್ದವಳು ಫಕೀರವ್ವ. ಐವತ್ತು ದಾಟಿದ ಹೆಂಗಸು. ಏಳು ಜನರಲ್ಲಿ ಅವಳ ಹೆಣಿಗೆಯೇ ಹೆಣಿಗೆ. ಅವಳು ಹೆಣೆದ ಮೊರದಲ್ಲಿ ಸಾಸಿವೆ ಹಾಕಿದರೂ ಕೆಳಗೆ ಸೋರುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲಿ ಒಂದು ವರ್ಷ ಇದ್ದಳಂತೆ. ತಮ್ಮನ ಹೆಂಡತಿ ದಿನವೂ ಇವಳ ತಟ್ಟೆಯ ರೊಟ್ಟಿ ಎಣಿಸುತ್ತಿದ್ದಳಂತೆ. ಒಂದು ದಿನ ಎದ್ದು ಇಲ್ಲಿಗೆ ನಡೆದುಬಂದಳು.

ಎರಡು ಕೈ ಇರುವ ತನಕ ಇನ್ನೊಬ್ಬರ ಒಲೆಯ ಮುಂದೆ ಕೂರುವುದಿಲ್ಲ ಎನ್ನುತ್ತಿದ್ದಳು.

ಚಂದ್ರಾಮನ ಭಕ್ತಿ ಅವಳಿಗೆ ನಗೆಯ ವಸ್ತು.

"ಏನೋ ತಮ್ಮಾ, ಕತ್ತಿಗೂ ದೀಕ್ಷಾ ಆತೇನು? ಅದಕ್ಕ ಕಿವಿ ಒಂದಿಲ್ಲ. ಇದ್ದಿದ್ದರ ಮಂತ್ರಾನೂ ಊದತಿದ್ದಿ."

ಅವನು ನಗುತ್ತಿದ್ದ. ಹಿಡಿ ಬಿಚ್ಚಿಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ನಾಲ್ಕನೆಯ ವರ್ಷ ಮಳೆ ಹಿಂದೆಗೆದ ಹೊತ್ತು. ಅಜ್ಜ ಜ್ವರ ಬಂದು ಮಲಗಿದ್ದರು. ಫಕೀರವ್ವನ ಕತ್ತಿ ಬಲಿತ ಬಿದಿರಿನ ಗೆಣ್ಣಿಗೆ ತಾಗಿ ಬಾಯಿ ಮುರಿದಿತ್ತು. ದೊಡ್ಡ ಬುಟ್ಟಿಗಳ ಕೆಲಸ ಅರ್ಧಕ್ಕೆ ನಿಂತಿತ್ತು. ಅಜ್ಜನವರ ಕತ್ತಿ ಸುಮ್ಮನೆ ಇದೆಯಲ್ಲ, ಕೇಳಿಕೊಂಡು ಬಾ ಎಂದು ಅವಳು ಚಂದ್ರಾಮನನ್ನು ಕಳಿಸಿದಳು.

ಅವನು ಹೋಗಿ ಕೇಳಿದ. ಅಜ್ಜ ಸ್ವಲ್ಪ ಹೊತ್ತು ಸೂರು ನೋಡುತ್ತ ಮಲಗಿದ್ದರು.

"ಒಯ್ಯಿ," ಎಂದರು ಆಮೇಲೆ.

ಫಕೀರವ್ವ ಬಿದಿರಿನ ಗಳವನ್ನು ನಿಲ್ಲಿಸಿ ತುದಿಗೆ ಅಲಗನ್ನು ನೆಟ್ಟಳು. ಎಡಗೈಯಲ್ಲಿ ಗಳ, ಬಲಗೈಯಲ್ಲಿ ಹಿಡಿ. ಎರಡು ಗೆಣ್ಣು ಸಲೀಸಾಗಿ ಸೀಳಿತು. ಮೂರನೆಯದು ಬಿಗಿಯಾಗಿತ್ತು. ಅವಳು ಹಿಡಿಯನ್ನು ಒತ್ತಿ ಮೀಟಿದಳು.

ಹಿಡಿ ಅವಳ ಬಲಗೈಯಲ್ಲೇ ಉಳಿಯಿತು. ಸೀಳಿನ ಬಿಗಿಯಲ್ಲಿ ಸಿಕ್ಕಿದ್ದ ಅಲಗು ಚಿಮ್ಮಿ ಎಡಗೈಯ ಎರಡು ಬೆರಳುಗಳ ಮೇಲೆ ಹಾದುಹೋಯಿತು.

ಅವಳು ಕೂಗಲಿಲ್ಲ. ಸೆರಗನ್ನು ಕೈಗೆ ಸುತ್ತಿಕೊಂಡು, ಹೆಣೆದಿಟ್ಟ ಬುಟ್ಟಿಗೆ ರಕ್ತ ತಾಗದಂತೆ ದೂರ ಸರಿದು ಕೂತಳು.

ಪಟ್ಟಣದ ಡಾಕ್ಟರು ಗಾಯ ಹೊಲಿದರು. ಒಳಗಿನ ನರ ಕಡಿದಿದೆ, ಆರು ವಾರ ಬಿಟ್ಟು ನೋಡೋಣ ಎಂದರು.

ಚಂದ್ರಾಮ ಹಿಂತಿರುಗಿ ಬಂದು ಆ ಹಿಡಿಯನ್ನು ಕಲ್ಲಿಗೆ ತಟ್ಟಿದ. ಅಂಗೈ ತುಂಬ ಕೆಂಪು ಪುಡಿ ಉದುರಿತು. ಪುಡಿಯ ನಡುವೆ ಬಾಲದ ಉಳಿದ ತುಂಡು. ಕಿರುಬೆರಳಿನಷ್ಟು ದಪ್ಪ ಇರಬೇಕಾದ್ದು ಮುರಿದಲ್ಲಿ ದಬ್ಬಣದಷ್ಟಾಗಿತ್ತು.

ಮರುದಿನ ಫಕೀರವ್ವನ ಮುಂದೆ ಕೂತು ಎಲ್ಲ ಹೇಳಿದ. ಮೊದಲ ಅಮಾವಾಸ್ಯೆಯಿಂದ ಹಿಡಿದು, ಒಂದನ್ನೂ ಬಿಡದೆ. ಅವಳು ಕೇಳಿದಳು.

ಆರು ವಾರ ಅವನು ಅವಳಿಗೆ ನೀರು ಹೊತ್ತ, ಬಟ್ಟೆ ಒಗೆದ, ರೊಟ್ಟಿ ಮುರಿದು ಕೊಟ್ಟ. ಅವಳು ಬೇಡ ಎನ್ನಲಿಲ್ಲ, ಮಾತನ್ನೂ ಆಡಲಿಲ್ಲ. ಪಟ್ಟಿ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಉಳಿದವರು ಹೆಣೆಯುವುದನ್ನು ನೋಡುತ್ತಿದ್ದಳು.

ಪಟ್ಟಿ ಬಿಚ್ಚಿದರು. ಎರಡು ಬೆರಳು ನೆಟ್ಟಗೆ ನಿಂತಿದ್ದವು. ಮಡಚಲಿಲ್ಲ.

ಅವಳು ಅಂದೇ ಎಳೆಗಳ ಮುಂದೆ ಕೂತಳು. ಎಡಗೈಯಲ್ಲಿ ಎಳೆ ನಿಲ್ಲಲಿಲ್ಲ. ಜಾರಿತು. ಎತ್ತಿಕೊಂಡಳು. ಮತ್ತೆ ಜಾರಿತು. ಮೂರು ದಿನ ಇದೇ ಆಯಿತು. ಚಂದ್ರಾಮನಿಗೆ ನೋಡಲೂ ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ.

ನಾಲ್ಕನೆಯ ದಿನ ಆ ಎರಡು ಬೆರಳುಗಳನ್ನು ಬಟ್ಟೆಯಿಂದ ಹಿಂದಕ್ಕೆ ಕಟ್ಟಿಕೊಂಡು, ಉಳಿದ ಮೂರರಲ್ಲೇ ಹೆಣೆಯತೊಡಗಿದಳು. ಸಂಜೆಗೆ ಒಂದು ಬುಟ್ಟಿಯಾಯಿತು. ಒಂದು ಮಗ್ಗುಲಿಗೆ ವಾಲಿತ್ತು.

ಅವಳು ಅದನ್ನು ಎತ್ತಿ ಹಿಡಿದು ನೋಡಿದಳು.

"ಕೋಳಿ ಮುಚ್ಚಾಕ ಸಾಕು," ಎಂದಳು.

ಆಮೇಲೆ ಚಂದ್ರಾಮನ ಕಡೆ ತಿರುಗಿದಳು. ಸುಮಾರು ಐವತ್ತು ದಿನಗಳ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

"ಹುಂಬ ಅದಿ ನೀ. ಕೆಟ್ಟವ ಅಲ್ಲ. ಇನ್ನ ಮ್ಯಾಲೆ ನನ್ನ ಬಿದಿರು ನೀ ಸೀಳು. ನಾ ಇಲ್ಲೇ ಇರ್ತೀನಿ."

ಅಂದು ಚಂದ್ರಾಮ ಹೊಟ್ಟೆ ತುಂಬ ಉಂಡ. ಮರುದಿನವಿಡೀ ಅವಳಿಗೆಂದು ಬಿದಿರು ಸೀಳಿದ. ಗೆಣ್ಣುಗಳನ್ನು ನುಣುಪಾಗಿ ಹೆರೆದು, ತೆಳುವಾದ ಎಳೆಗಳನ್ನು ಆರಿಸಿ ಬೇರೆ ಕಟ್ಟು ಕಟ್ಟಿಟ್ಟ.

ಅದರ ಮರುದಿನ ಬೆಳಿಗ್ಗೆ ಅವಳ ಜಾಗ ಬರಿದಾಗಿತ್ತು. ಚಾಪೆ ಸುತ್ತಿ ಗೋಡೆಗೆ ಒರಗಿಸಿಟ್ಟಿದ್ದಳು. ಎಳೆಗಳ ಕಟ್ಟು ಬಿಚ್ಚದೆ ಹಾಗೇ ಇತ್ತು.

ತಮ್ಮನ ಊರಿಗೆ ಹೋಗುತ್ತೇನೆಂದು ಹೇಳಿ ಹೊರಟಳೆಂದು ಉಳಿದವರು ಅಂದರು. ಚಂದ್ರಾಮ ರಸ್ತೆಯವರೆಗೆ ಓಡಿದ. ಬಸ್ಸು ಹೋಗಿಯಾಗಿತ್ತು.

ತಿರುಗಿ ಬರುವಾಗ ಅವನ ತಲೆಯಲ್ಲಿ ಒಂದೇ ಮಾತು. ಇಲ್ಲೇ ಇರುತ್ತೇನೆ ಅಂದವಳು. ತನ್ನ ಮುಖವನ್ನು ದಿನವೂ ನೋಡುವುದು ಅವಳಿಂದ ಆಗಲಿಲ್ಲ.

ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಜ್ವರ ಬಿಟ್ಟು ಬಹಳ ದಿನಗಳಾಗಿದ್ದರೂ ಮುಖ ಇಳಿದೇ ಇತ್ತು. ಚಂದ್ರಾಮ ಎರಡು ಮೆಟ್ಟಿಲು ಕೆಳಗೆ ನಿಂತ.

"ನನಗ ಶಿಕ್ಷಾ ಕೊಡ್ರಿ, ಅಜ್ಜಾರ."

ಯಾತಕ್ಕೆ ಎಂದು ಅವರು ಕೇಳಿದರು.

ಮೂರು ವರ್ಷ ತಮಗೆ ಸುಳ್ಳು ಹೇಳಿದೆ ಎಂದ ಅವನು.

"ಹಿಡಿ ಬಿಚ್ಚೀನಿ ಅಂತ ನೀ ಎಂದೂ ಹೇಳಲಿಲ್ಲ. ಬಿಚ್ಚಿಯೇನು ಅಂತ ನಾ ಎಂದೂ ಕೇಳಲಿಲ್ಲ."

ಅಜ್ಜ ಅವನ ಕಡೆ ತಿರುಗಿದರು.

"ಎರಡು ವರ್ಷದಿಂದ ನಾ ಆ ಕತ್ತೀಲೆ ಬಿದಿರು ಸೀಳಿದ್ದು ನೋಡಿಯೇನು?"

ಚಂದ್ರಾಮ ನೆನಪು ಮಾಡಿಕೊಂಡ. ನೋಡಿರಲಿಲ್ಲ. ಸೀಳುವುದಕ್ಕೆ ಅವರು ಬೇರೆಯವರಿಗೆ ಹೇಳುತ್ತಿದ್ದರು. ಆ ಕತ್ತಿಯಿಂದ ತೆಳು ಎಳೆಗಳನ್ನಷ್ಟೇ ಹೆರೆಯುತ್ತಿದ್ದರು. ವಯಸ್ಸಾಯಿತೆಂದು ಅವನು ತಿಳಿದಿದ್ದ.

"ಹಿಡಿಯೊಳಗ ಅಲಗು ಅಲುಗಾಡತಿತ್ತು," ಎಂದರು ಅಜ್ಜ.

ಚಂದ್ರಾಮ ಮೆಟ್ಟಿಲ ಮೇಲೆ ಕೂತುಬಿಟ್ಟ. ಹೆಣಿಗೆಯ ಸಾಲು ಬಿಟ್ಟರೆ ಎಂದೂ ಅವರ ಎದುರಿಗೆ ಕೂತವನಲ್ಲ.

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲರಿ?"

"ಹೇಳಿದ್ದರ ಎಲ್ಲಾರ ಕತ್ತಿ ಹಂಗ ಅದನ್ನೂ ಬಡದು ಬಿಚ್ಚತಿದ್ದಿ. ಆಮ್ಯಾಲೆ ನನ್ನನ್ನೂ ಎಲ್ಲಾರ ಹಂಗ ನೋಡತಿದ್ದಿ."

ಹೊಳೆಯ ಆಚೆ ದಂಡೆಯಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಚಂದ್ರಾಮ ಅತ್ತ ನೋಡಿದ. ಅವನಿಗೆ ಇನ್ನೊಂದು ದಾರಿ ಬೇಕಾಗಿತ್ತು. ಗುರುವಿಗೂ, ತನಗೂ.

"ಆ ದಿನ ಜ್ವರ ಇತ್ತರಿ. ನಾ ಕೇಳಾಕ ಬಂದಾಗ ನಿಮಗ ನೆನಪಾಗಲಿಲ್ಲ."

"ನೆನಪಾತು. ಒಂದು ದಿನ ತಡೀತದ ಅಂದುಕೊಂಡೆ."

ಚಂದ್ರಾಮ ತಲೆ ಎತ್ತದೆ ಕೇಳಿದ.

"ಫಕೀರವ್ವಗ ಇದು ಗೊತ್ತಿಲ್ಲ, ಅಲ್ಲರಿ?"

"ನಿನ್ನೆ ಸಂಜೀಕ ನಾನ ಹೇಳಿದೆ," ಎಂದರು ಅಜ್ಜ. "ಅದಕ್ಕ ಹೋದಳು."