ಕೋಟೆ ಬಾಗಿಲಿನ ವಿಮರ್ಶೆ

"ನಾನು ಚೆನ್ನಾಗಿದೆ ಅಂದರೆ ಚೆನ್ನಾಗಿದೆ. ಚೆನ್ನಾಗಿಲ್ಲ ಅಂದಮೇಲೆ ಸಾಕ್ಷಾತ್ ರಂಭೆ ಬಂದು ಕುಣಿದರೂ ಅದು ಆಟವಲ್ಲ!"

ಹೀಗೆಂದವರು ಬಿಳಿಕಲ್ಲು ದುರ್ಗದ ಆಸ್ಥಾನ ವಿಮರ್ಶಕರಾದ ತ್ರಿವಿಕ್ರಮ ಪಂಡಿತರು. ಅದೂ ತುಂಬಿದ ಸಭೆಯಲ್ಲಿ, ಮೀಸೆ ತಿರುವಿಕೊಂಡು. ದೊರೆ ಹಿರೇಮಲ್ಲನಾಯಕ ತಲೆದೂಗಿದ. ದೊರೆ ತಲೆದೂಗಿದ ಮೇಲೆ ಸಭೆಯೂ ತಲೆದೂಗಿತು. ಸಭೆ ಇರುವುದೇ ಅದಕ್ಕೆ ತಾನೇ?

ಪಂಡಿತರು ಬರೆದದ್ದನ್ನೆಲ್ಲ ಕೋಟೆ ಬಾಗಿಲಿಗೆ ಅಂಟಿಸುತ್ತಿದ್ದರು. ಊರಿನವರು ಅದನ್ನು ಓದಿಯೇ ಕೊಳ್ಳಬೇಕಾದ್ದನ್ನು ಕೊಳ್ಳುತ್ತಿದ್ದರು, ನೋಡಬೇಕಾದ್ದನ್ನು ನೋಡುತ್ತಿದ್ದರು. "ಈ ಚಕ್ಕುಲಿ ಗರಿಗರಿಯಾಗಿದೆ, ಆದರೆ ಗಾಂಭೀರ್ಯ ಸಾಲದು" ಎಂದು ಬರೆದರೆ ಮುಗಿಯಿತು, ಪಾಪ ಚಕ್ಕುಲಿ ಮಾರುವ ಮುದುಕಿ ಬಾಣಲೆ ಬೋರಲು ಹಾಕಬೇಕು. ಒಮ್ಮೆ ಕಂಬಳಿಯನ್ನೂ ಬಿಡಲಿಲ್ಲ: "ಬೆಚ್ಚಗಿದೆ, ಆದರೆ ಹೊಸದೇನನ್ನೂ ಹೇಳುವುದಿಲ್ಲ." ಕಂಬಳಿ ಏನು ಹೇಳಬೇಕಿತ್ತು ಸ್ವಾಮೀ? ಕೇಳುವ ಧೈರ್ಯ ಯಾರಿಗಿತ್ತು!

ಈ ಸಲ ಸಿಕ್ಕಿಬಿದ್ದವನು ಬಯಲಾಟದ ದ್ಯಾಮಣ್ಣ. ಅರಮನೆ ಅಂಗಳದಲ್ಲಿ ಅವನ ಮೇಳ ಆಡಿದ ಆಟಕ್ಕೆ ಜನ ಬಿದ್ದು ಬಿದ್ದು ನಕ್ಕಿದ್ದರು. ಮರುದಿನ ಬಾಗಿಲಲ್ಲಿ ಇತ್ತು ನೋಡಿ: "ವೇಷ ಚೆಂದ, ಆದರೆ ಸತ್ವವಿಲ್ಲ. ಆರಂಭದಲ್ಲಿ ಭಾರ, ನಡುವೆ ತಳಮಳ, ಕೊನೆಗೆ ಯಾವಾಗ ಮುಗಿಯುತ್ತದೋ ಎಂಬ ಸಂಕಟ."

ಆಟಕ್ಕೆ ವೀಳ್ಯ ಕೊಟ್ಟು ಒಪ್ಪಿಸಿದ್ದ ಊರುಗಳೆಲ್ಲ ಬೇಡ ಅಂದವು. ದ್ಯಾಮಣ್ಣ ದೊರೆಯ ಆಪ್ತನಾದ ಮುದ್ದಯ್ಯನ ಮನೆ ಜಗಲಿಯಲ್ಲಿ ಬಂದು ಕೂತ.

"ಬುದ್ಧೀ, ಈ ವರ್ಷ ಒಂದೂ ಆಟವಿಲ್ಲ. ಕಿರೀಟ, ಭುಜಕೀರ್ತಿ ಎಲ್ಲ ಮಾರಿ ಮೇಳ ಮುಚ್ಚುವುದೊಂದೇ ಬಾಕಿ" ಎಂದು ಕಣ್ಣೊರೆಸಿಕೊಂಡ.

ಮುದ್ದಯ್ಯನಿಗೆ ರೇಗಿತು. "ಅವತ್ತು ನಾನೂ ಇದ್ದೆನಲ್ಲೋ ಮಾರಾಯ! ಪಂಡಿತರು ಎಲ್ಲಿ ಕೂತಿದ್ದರು, ನೋಡಿದೆಯಾ?"

"ದೊರೆಗಳ ಪಾದದ ಹತ್ತಿರ, ಬುದ್ಧೀ."

"ಯಾವ ಕಡೆ ಮುಖ ಮಾಡಿಕೊಂಡು?"

ದ್ಯಾಮಣ್ಣ ಹಣೆ ಚಚ್ಚಿಕೊಂಡ.

ವಿಷಯ ಇಷ್ಟೇ. ದೊರೆಗೆ ಬೆನ್ನು ತೋರಿಸಬಾರದು ಎಂಬುದು ಆ ಆಸ್ಥಾನದ ಪದ್ಧತಿ. ಬೇರೆಯವರೆಲ್ಲ ಪಕ್ಕಕ್ಕೆ ಕೂತು ಆಟ ನೋಡುತ್ತಿದ್ದರು. ಪಂಡಿತರದು ಒಂದು ಕೈ ಹೆಚ್ಚಿನ ಭಕ್ತಿ. ದೊರೆಯ ಎದುರಿಗೇ, ದೊರೆಯನ್ನೇ ನೋಡುತ್ತ ಕೂರುತ್ತಿದ್ದರು. ರಂಗಸ್ಥಳ ಅವರ ಬೆನ್ನ ಹಿಂದೆ!

ಮುದ್ದಯ್ಯ ನೇರ ದೊರೆಯ ಬಳಿಗೆ ಹೋದ. "ಪ್ರಭು, ದ್ಯಾಮಣ್ಣನ ಮೇಳಕ್ಕೆ ಇನ್ನೊಂದು ಅವಕಾಶ ಕೊಡಿ. ಹೊಸ ನಾಯಕಿ ಬಂದಿದ್ದಾಳೆ. ಪಂಡಿತರು ಒಪ್ಪದಿದ್ದರೆ ಮೇಳದ ಜತೆ ನಾನೂ ಗಡಿ ದಾಟುತ್ತೇನೆ. ಒಂದೇ ಬೇಡಿಕೆ, ರಂಗದ ಮೇಲೆ ಏನೇ ಕಂಡರೂ ತಾವು ಮಾತಾಡಬಾರದು."

"ನೀನು ಹೋದರೆ ನನಗೆ ಬೇಜಾರಾಗುತ್ತಲ್ಲೋ!" ಎಂದ ದೊರೆ. ಆದರೂ ಒಪ್ಪಿದ.

ಹೊಸ ನಾಯಕಿಯ ಸುದ್ದಿ ಪಂಡಿತರ ಕಿವಿಗೂ ಬಿತ್ತು. ಆಟದ ದಿನ ಬಂತು. ಪಂಡಿತರು ಎಂದಿನಂತೆ ದೊರೆಯ ಮುಂದೆ ಕೂತು, ಅವನ ಮುಖಕ್ಕೆ ಕಣ್ಣು ನೆಟ್ಟರು. ಮದ್ದಲೆ ಮೊಳಗಿತು, ತಾಳ ಬಿತ್ತು, ಘಲ್ ಘಲ್ ಎಂದು ಗೆಜ್ಜೆ ಸದ್ದಾಯಿತು.

ದೊರೆ ಕಣ್ಣರಳಿಸಿದ. ಆಮೇಲೆ ತುಟಿ ಕಚ್ಚಿ ಹಿಡಿದ. ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಪಂಡಿತರೂ ಗಡಿಬಿಡಿಯಲ್ಲಿ ಕಣ್ಣೊರೆಸಿಕೊಂಡರು.

ಮದ್ದಲೆ ನಿಂತದ್ದೇ ತಡ, ಪಂಡಿತರು ಎದ್ದು ಕೈಮುಗಿದರು. "ಪ್ರಭು, ಧನ್ಯನಾದೆ! ಆ ಹೊಸ ನಾಯಕಿ! ನಡಿಗೆಯಲ್ಲಿ ಎಂಥ ಲಾಲಿತ್ಯ, ಕಣ್ಣಲ್ಲಿ ಎಂಥ ಕಾವ್ಯ! ಆ ಸೊಂಟದ ಬಳುಕಿಗೆ ಬಳ್ಳಿಯೂ ನಾಚಬೇಕು!"

"ಒಂದು 'ಆದರೆ'ಯೂ ಇಲ್ಲವೇ ಪಂಡಿತರೇ?" ಎಂದ ಮುದ್ದಯ್ಯ.

"ಹುಡುಕಿದರೂ ಸಿಗಲಿಲ್ಲವಯ್ಯಾ!"

"ಹಾಗಾದರೆ ನಾಯಕಿಗೆ ನಿಮ್ಮ ಕೈಯಾರೆ ಒಂದು ಹಾರ ಹಾಕಿಬಿಡಿ."

"ದೊರೆಗಳಿಗೆ ಬೆನ್ನು ತೋರಿಸಲೇ? ಛೆ ಛೆ!"

"ತೋರಿಸಿ ಪಂಡಿತರೇ, ನಾನು ಹೇಳುತ್ತಿದ್ದೇನೆ" ಎಂದ ದೊರೆ, ನಗು ತಡೆದುಕೊಂಡು.

ಪಂಡಿತರು ತಿರುಗಿದರು. ರಂಗಸ್ಥಳದ ನಡುವೆ, ನಾಲ್ಕು ಕಾಲಿಗೂ ಗೆಜ್ಜೆ ಕಟ್ಟಿಸಿಕೊಂಡು, ಕೊಂಬಿಗೆ ಮಲ್ಲಿಗೆ ಮುಡಿದು, ಮೆಲುಕು ಹಾಕುತ್ತ ನಿಂತಿತ್ತು ಒಂದು ಎಮ್ಮೆ. ಹೊಸ ಅಭಿಮಾನಿಯನ್ನು ನೋಡಿ "ಅಂಬೇ" ಎಂದಿತು. ಸಭೆಗೆ ಸಭೆಯೇ ಹೋ ಎಂದು ನಕ್ಕಿತು, ಈ ಸಲ ದೊರೆಗೂ ಕಾಯಲಿಲ್ಲ.

ಪಂಡಿತರ ಮುಖ ಕಪ್ಪಿಟ್ಟಿತು. "ಪ್ರಭು, ಇದು... ಇದನ್ನು ಸಾಂಕೇತಿಕವಾಗಿ ನೋಡಬೇಕು..."

"ಮೊದಲು ನೋಡಬೇಕು ಪಂಡಿತರೇ, ಸಂಕೇತ ಆಮೇಲೆ" ಎಂದ ಮುದ್ದಯ್ಯ. "ಪ್ರಭು, ಇವರು ಆಟವನ್ನೂ ನೋಡಿದವರಲ್ಲ, ಚಕ್ಕುಲಿಯನ್ನೂ ತಿಂದವರಲ್ಲ. ದೊರೆಗಳ ಮುಖ ಅರಳಿದರೆ ಹೊಗಳುತ್ತಾರೆ, ಮುದುಡಿದರೆ ತೆಗಳುತ್ತಾರೆ. ದ್ಯಾಮಣ್ಣನ ಆಟದ ದಿನ ತಮ್ಮ ಮುಖ ಯಾಕೋ ಗಂಟಿಕ್ಕಿತ್ತು."

ದೊರೆ ಕೆಮ್ಮಿದ. "ಅದು... ಅವತ್ತು ಊಟದ ಮೇಲೆ ಹಲಸಿನ ಹಣ್ಣು ಸ್ವಲ್ಪ ಜಾಸ್ತಿಯಾಗಿತ್ತು ಕಣೋ. ಆಟದುದ್ದಕ್ಕೂ ಹೊಟ್ಟೆ ಗುಡುಗುಡು. ಆಟವೇನೋ ಚೆನ್ನಾಗಿಯೇ ಇತ್ತಪ್ಪ!"

ಹೀಗೆಂದವನೇ ದ್ಯಾಮಣ್ಣನನ್ನು ಕರೆದು, ವರ್ಷವಿಡೀ ದುರ್ಗದ ಎಲ್ಲ ಊರುಗಳಲ್ಲೂ ಆಡು ಎಂದು ತನ್ನ ಕೈಯಾರೆ ವೀಳ್ಯ ಕೊಟ್ಟ. ದ್ಯಾಮಣ್ಣ ಅತ್ತೇಬಿಟ್ಟ. ಇನ್ನು ಮೇಲೆ ರಂಗದ ಕಡೆ ಮುಖ ಮಾಡಿಯೇ ಕೂರಬೇಕೆಂದು ಪಂಡಿತರಿಗೆ ಅಪ್ಪಣೆಯಾಯಿತು.

"ಯಾರಲ್ಲಿ? ಕೋಟೆ ಬಾಗಿಲಿಗೆ ಹೋಗಿ ಆ ವಿಮರ್ಶೆ ಹರಿದು ಬಿಸಾಕಿ!" ಎಂದ ದೊರೆ.

ಮುದ್ದಯ್ಯ ಅಡ್ಡ ಬಂದ.

"ಅಯ್ಯಯ್ಯೋ, ಹರಿದುಹಾಕಿಸಬೇಡಿ ಪ್ರಭು! ಆರಂಭದಲ್ಲಿ ಭಾರ, ನಡುವೆ ತಳಮಳ, ಕೊನೆಗೆ ಸಂಕಟ! ಹಲಸಿನ ಹಣ್ಣಿನ ಬಗ್ಗೆ ಇಷ್ಟು ಚೆನ್ನಾಗಿ ಇದುವರೆಗೆ ಯಾರೂ ಬರೆದಿಲ್ಲ. ತೋಟದ ಹಲಸಿನ ಮರಕ್ಕೆ ಅಂಟಿಸಿಬಿಡೋಣ."