ಕೊಕ್ಕೆಗೂ ಕೈಗೂ ನಡುವೆ

ಗುಡ್ಡ ಜರಿದು ಹೊಳೆಗೆ ಅಡ್ಡ ಬಿದ್ದಿತ್ತು. ಹಿಂದೆ ನೀರು ಏರುತ್ತಿತ್ತು, ಮುಂದೆ ತಗ್ಗಿನಲ್ಲಿ ಊರಿತ್ತು. ನೀರಿಗೆ ದಾರಿ ಬಿಡಿಸಲು ಬುಲ್ಡೋಜರನ್ನು ಆ ಮಣ್ಣಿನ ಮೇಲೆ ಇಳಿಸಬೇಕಿತ್ತು. ಅದನ್ನೆತ್ತಲು ಬಂದ ಸೇನೆಯ ದೈತ್ಯ ಹೆಲಿಕಾಪ್ಟರ್, ಹೊಟ್ಟೆಯಡಿಯ ಕೊಕ್ಕೆಯನ್ನು ಇಳಿಬಿಟ್ಟಿತು. ಬುಲ್ಡೋಜರಿನ ಮೇಲೆ ಹವಾಲ್ದಾರ್ ಚೆಂಗಪ್ಪ ಸರಪಳಿ ಹಿಡಿದು ನಿಂತಿದ್ದ. ಅವನ ಎಡಗೈಯಲ್ಲಿ ರಬ್ಬರ್ ಹಿಡಿಯ ಕಬ್ಬಿಣದ ಸಲಾಕೆಯಿತ್ತು; ಅದರ ತಂತಿಯ ತುದಿ ನೆಲದಲ್ಲಿ ಹೂತಿತ್ತು.

“ಸ್ವಾಮೀ, ಮೊದಲು ನನ್ನನ್ನು ಮುಟ್ಟಿ,” ಎಂದಿತು ಸಲಾಕೆ.

ಹೆಲಿಕಾಪ್ಟರಿಗೆ ರೇಗಿತು. “ಶಿಖರಕ್ಕೆ ಫಿರಂಗಿ ಹೊತ್ತವನು ನಾನು! ಊರು ಮುಳುಗುವ ಹೊತ್ತಿನಲ್ಲಿ ತುಕ್ಕುಕಡ್ಡಿಯನ್ನು ಮುಟ್ಟುತ್ತಾ ಕೂರಲೇ? ಅತ್ತ ಸರಿ! ಹವಾಲ್ದಾರರೇ, ಹಿಡಿಯಿರಿ!”

ಗದರಿಕೆಗೆ ಗಲಿಬಿಲಿಗೊಂಡ ಚೆಂಗಪ್ಪ ಬರಿಗೈ ಚಾಚಿಯೇಬಿಟ್ಟ. ಕೊಕ್ಕೆಗೂ ಕೈಗೂ ಗೇಣು ಉಳಿದಿರುವಾಗ ಸಲಾಕೆ ನಡುವೆ ನುಗ್ಗಿತು. ಚಟೀರೆಂದು ನೀಲಿ ಕಿಡಿ ಹಾರಿ ಅದರ ಮೂತಿ ಕರ್ರಗಾಯಿತು.

“ಯಾರು ಹೊಡೆದದ್ದು?” ಹೆಲಿಕಾಪ್ಟರ್ ಬೆಚ್ಚಿತು.

“ನೀವೇ, ಸ್ವಾಮೀ. ರೆಕ್ಕೆ ಬೀಸುತ್ತ ಬೀಸುತ್ತ ಮೈತುಂಬ ಮಿಂಚು ತುಂಬಿಕೊಂಡಿದ್ದಿರಿ. ಅದು ನಿಮಗೆ ತಿಳಿಯುವುದಿಲ್ಲ, ಹಿಡಿದ ಕೈಗೆ ತಿಳಿಯುತ್ತದೆ. ಈಗ ನೆಲಕ್ಕಿಳಿದು ಹೋಯಿತು. ಇನ್ನು ಹಿಡಿಯಬಹುದು.”

ಚೆಂಗಪ್ಪ ಕೊಕ್ಕೆಗೆ ಸರಪಳಿ ಸಿಕ್ಕಿಸಿದ. ಬುಲ್ಡೋಜರ್ ಮೇಲೆದ್ದಿತು, ಮಣ್ಣಿನ ಮೇಲಿಳಿಯಿತು, ಕಾಲುವೆ ತೋಡಿತು, ನೀರು ಹರಿಯತೊಡಗಿತು.

ಡೀಸೆಲ್ ಪೀಪಾಯಿಗಳನ್ನು ಒಯ್ಯಲು ಹೆಲಿಕಾಪ್ಟರ್ ಮರಳಿ ಬಂತು. ಚೆಂಗಪ್ಪ ಕೈಯೆತ್ತಿದರೂ ಕೊಕ್ಕೆ ಅರ್ಧದಲ್ಲೇ ನಿಂತಿತು.

“ಅಣ್ಣಾ ಸಲಾಕೆ,” ಎಂದಿತು ಹೆಲಿಕಾಪ್ಟರ್, “ಮೊದಲು ನೀನು ಮುಟ್ಟು.”